ಅಕ್ಕಿ ಹಿಟ್ಟಿನ ಗುಂಪು

ಪತ್ರಿಕೆಯ ಕೆಲಸಕ್ಕೆ ಸೇರುವ ಮೊದಲು ನಾನು ಮೂರು ವರ್ಷ ಇಲಿಗಳನ್ನು ತೂಗಿದ್ದೇನೆ. ರಾಮನಗರದಿಂದ ಚನ್ನಪಟ್ಟಣಕ್ಕೆ ಬರುವ ದಾರಿಯಲ್ಲಿ, ರೈಲು ಹಳಿಗೆ ಬೆನ್ನು ಕೊಟ್ಟುಕೊಂಡು, ಪಶು ಆಹಾರ ಪರೀಕ್ಷಿಸುವ ಸಣ್ಣ ಪ್ರಯೋಗಾಲಯವೊಂದಿತ್ತು. ಈಗ ಅದು ಕಲ್ಯಾಣ ಮಂಟಪ. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯನ್ನು ಇಲಿಗಳಿಗೆ ತಿನ್ನಿಸಿ ಅವುಗಳ ಯಕೃತ್ತು ಏನಾಗುತ್ತದೆಂದು ನೋಡುವುದು ಅಲ್ಲಿನ ಮುಖ್ಯ ಕೆಲಸ. ವಾರಕ್ಕೆರಡು ಸಲ ಪ್ರತಿ ಇಲಿಯನ್ನೂ ತಕ್ಕಡಿಯ ಡಬ್ಬಿಯಲ್ಲಿ ಕೂರಿಸಿ, ಅದು ಅಲುಗಾಡದೆ ನಿಂತ ಕ್ಷಣದಲ್ಲಿ ತೂಕ ಓದಿ ಪುಸ್ತಕದಲ್ಲಿ ಬರೆಯುವುದು ನನ್ನದು. ನನ್ನ ಅಕ್ಷರ ದುಂಡಗಿತ್ತು. ಒಂದು ಸಂಖ್ಯೆಯನ್ನೂ ಹೊಡೆದು ತಿದ್ದಿದವನಲ್ಲ.

ಚನ್ನಪಟ್ಟಣದಲ್ಲಿ ನಮ್ಮ ಮನೆಯ ಎದುರಿಗೆ ಬೊಂಬೆ ಮಾಡುವವರೊಬ್ಬರಿದ್ದರು. ಇಡೀ ಬೀದಿ ಅವರನ್ನು ಚಾಚಾ ಎನ್ನುತ್ತಿತ್ತು, ಅವರ ಹೆಂಡತಿಯನ್ನು ಚಾಚಿ. ಅರಗನ್ನು ಕೆಂಡದ ಮೇಲೆ ಮೆತ್ತಗೆ ಮಾಡಿ, ಬಣ್ಣದ ಪುಡಿ ಬೆರೆಸಿ, ಬಿಸಿಬಿಸಿಯಲ್ಲೇ ಕೈಯಿಂದ ಎಳೆದು ಮಡಿಸಿ ಕಡ್ಡಿ ಮಾಡಿಕೊಳ್ಳುತ್ತಿದ್ದರು. ತಿರುಗುವ ಮರಕ್ಕೆ ಆ ಕಡ್ಡಿಯನ್ನು ಒತ್ತಿದರೆ ಬಣ್ಣ ಹತ್ತುತ್ತದೆ. ಅವರ ತಂದೆಯ ಕಾಲದಲ್ಲಿ ಹಳದಿಗೆ ಅರಿಸಿನ. ಚಾಚಾ ಕಾಲಕ್ಕೆ ಬೆಂಗಳೂರಿನಿಂದ ಪೊಟ್ಟಣದಲ್ಲಿ ಬರುವ ಪುಡಿ. ಅರಿಸಿನದ ಬಣ್ಣ ಬಿಸಿಲಿಗೆ ಹಾರಿಹೋಗುತ್ತಿತ್ತು, ಪುಡಿಯದು ಹೋಗುತ್ತಿರಲಿಲ್ಲ. ಗಿಲಕಿಯೊಂದು ಮುಗಿದರೆ ಚಾಚಾ ಅದನ್ನು ಒಮ್ಮೆ ಬಾಯಲ್ಲಿಟ್ಟುಕೊಂಡು ಚೀಪುತ್ತಿದ್ದರು. ಅವರ ಮನೆತನದ ಪದ್ಧತಿ ಅದು.

"ಮಗಾ ಬಾಯಿಗಿಡೋ ಸಾಮಾನು ಇದು. ಮೊದ್ಲು ಮಾಡ್ದೋನು ಬಾಯಿಗಿಡ್ಬೇಕು," ಎನ್ನುತ್ತಿದ್ದರು.

ಒಂದು ಬೇಸಿಗೆಯಲ್ಲಿ ಅವರ ಬಲಪಕ್ಕೆಯ ಕೆಳಗೆ ನೋವು ಶುರುವಾಯಿತು. ಊಟ ಸೇರುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಲಿವರ್ ಊದಿದೆ ಎಂದು ಗುಳಿಗೆ ಕೊಟ್ಟು ಕಳಿಸಿದರು. ಚಾಚಾ ಒಂದು ಪೊಟ್ಟಣ ಹಳದಿಯನ್ನು ನನ್ನ ಕೈಗಿತ್ತರು.

"ನಿಮ್ ಇಲಿಗಳ್ಗೆ ತಿನ್ಸಿ ನೋಡು ಬೇಟಾ. ಅವು ಬದುಕಿದ್ರೆ ನಾನೂ ಬದುಕ್ತೀನಿ. ಅವು ಸತ್ರೆ ಹಳದಿ ಬುಟ್ಟು ಹಸಿರಲ್ಲೇ ಗಿಣಿ ಮಾಡ್ಕೊಂಡಿರ್ತೀನಿ."

ನಗುತ್ತಲೇ ಹೇಳಿದರು. ಆದರೆ ಮಾರನೆಯ ದಿನವೂ ಕೇಳಿದರು, ಅದರ ಮಾರನೆಯ ದಿನವೂ.

ಪ್ರಯೋಗಾಲಯದ ಮುಖ್ಯಸ್ಥೆ, ನಾವು ಮೇಡಂ ಎನ್ನುತ್ತಿದ್ದವರು, ಪೊಟ್ಟಣವನ್ನು ಬೆಳಕಿಗೆ ಹಿಡಿದು ನೋಡಿದರು. ಇಂಥ ಕೆಲವು ಹಳದಿಗಳಿಂದ ಇಲಿಗಳ ಯಕೃತ್ತಿನಲ್ಲಿ ಗಡ್ಡೆ ಬರುತ್ತದೆಂದು ಅವರು ಓದಿದ್ದರು. ಬಣ್ಣದಷ್ಟೇ ಊಟವೂ ಮುಖ್ಯ ಎಂದರು. ಹಾಲು, ಕಾಳು ತಿಂದ ಇಲಿಯ ಯಕೃತ್ತು ಬಣ್ಣವನ್ನು ಮುರಿದು ಹೊರಹಾಕುತ್ತದೆ. ಬರೀ ಅಕ್ಕಿ ತಿಂದದ್ದಕ್ಕೆ ಆ ಶಕ್ತಿ ಇರುವುದಿಲ್ಲ.

"ನಿಮ್ಮ ಚಾಚಾ ಏನು ತಿಂತಾರೆ?"

"ಬೆಳಿಗ್ಗೆ ಟೀ, ಬನ್ನು. ಮಧ್ಯಾಹ್ನ, ರಾತ್ರಿ ಅನ್ನ, ತಿಳಿಸಾರು ಮೇಡಂ."

"ಹಾಗಾದರೆ ಅವರು ಅಕ್ಕಿ ಹಿಟ್ಟಿನ ಗುಂಪು," ಎಂದರು.

ಹಿಂಡಿಯ ಕೆಲಸ ಮುಗಿದು ಗೂಡುಗಳು ಖಾಲಿಯಿದ್ದವು. ಎರಡು ಗುಂಪು ಮಾಡಿದೆವು. ಎರಡಕ್ಕೂ ಎಣ್ಣೆಯಲ್ಲಿ ಕಲಸಿದ ಅದೇ ಹಳದಿ. ಒಂದು ಗುಂಪಿಗೆ ಹಾಲಿನ ಪುಡಿ, ಕಾಳಿನ ಹಿಟ್ಟು ಸೇರಿಸಿದ ಆಹಾರ. ಇನ್ನೊಂದಕ್ಕೆ ಅಕ್ಕಿ ಹಿಟ್ಟು ಮಾತ್ರ. ಬಣ್ಣ ಕೆಟ್ಟದ್ದಾದರೆ ಮೊದಲು ತೋರಿಸಬೇಕಾದದ್ದು ಎರಡನೆಯ ಗುಂಪು.

ತಿಂಗಳೆರಡು ಕಳೆಯುವಷ್ಟರಲ್ಲಿ ಪುಸ್ತಕದಲ್ಲಿ ಏನೋ ಸರಿಯಿಲ್ಲವೆನಿಸಿತು. ಸೊರಗಬೇಕಾದ ಅಕ್ಕಿ ಹಿಟ್ಟಿನ ಇಲಿಗಳು ಬೆಳೆಯುತ್ತಿದ್ದವು. ಕೂದಲು ಹೊಳೆಯುತ್ತಿತ್ತು. ಒಂದು ದಿನ ಎಂದಿಗಿಂತ ಮುಂಚಿನ ಬಸ್ಸು ಹಿಡಿದು ಹೋದೆ. ಇಲಿಗಳಿಗೆ ಮೇವು ಹಾಕುವ ಆಳು, ಕೈಲಾಂಚ ಕಡೆಯ ನಡುವಯಸ್ಸಿನ ರೈತ, ಗೂಡುಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಹಿಡಿಕೆಯ ಪಾತ್ರೆಯಿಂದ ಅಕ್ಕಿ ಹಿಟ್ಟಿನ ಬಟ್ಟಲುಗಳಿಗೆ ಏನೋ ಸುರಿಯುತ್ತಿದ್ದ. ಇಲಿಯನ್ನು ಕಚ್ಚಿಸಿಕೊಳ್ಳದೆ ಹಿಡಿಯುವುದು ಹೇಗೆಂದು ನನಗೆ ಕಲಿಸಿದವನೇ ಅವನು.

"ಏನಣ್ಣಾ ಇದು?"

"ಹಾಲು ಕಣಪ್ಪಾ. ಮನೇದು. ನೀರು ಬೆರ್ಸಿಲ್ಲ."

"ಇವಕ್ಕೆ ಬರೀ ಅಕ್ಕಿ ಹಿಟ್ಟು ತಾನೇ?"

"ಆ ಕಡೇವು ಹಾಲಿನ ಪುಡಿ ಮೇಯ್ತವೆ. ಈ ಕಡೇವು ಅದ್ರ ವಾಸ್ನೆ ಕುಡ್ಕೊಂಡು ಮೂತಿ ಎತ್ಕೊಂಡು ಕುಂತಿರ್ತವೆ. ಒಂದೇ ಸೂರಲ್ಲಿ ಪಂಕ್ತಿಭೇದ ಮಾಡ್ಬುಟ್ಟು ನಾನು ಹೆಂಗಪ್ಪಾ ಉಣ್ಲಿ? ಗಣಪ್ಪನ ವಾಹ್ನ ಬೇರೆ."

ದಿನವೂ ತನ್ನ ಮುದ್ದೆಯಲ್ಲೂ ಒಂದು ತುತ್ತು ಮುರಿದು ಹಾಕುತ್ತಿದ್ದನಂತೆ. ಗೂಡಿನ ಮೂಲೆಯಲ್ಲಿ ರಾಗಿಯ ಕಪ್ಪು ಕಂಡಿತು.

"ಮೇಡಂಗೆ ಗೊತ್ತಾದ್ರೆ?"

"ನೀನ್ ಹೇಳಿದ್ರೆ ತಾನೇ ಗೊತ್ತಾಗೋದು? ಒಸಿ ಹಾಲ್ಗೆ ಏನಾದದು ಬುಡ್ಲಾ."

ಅದೇನಾಗುತ್ತದೆಂದು ವಿವರಿಸಿದೆ. ಎದುರುಮನೆಯ ಚಾಚಾ ವಿಷಯವನ್ನೂ ಹೇಳಿದೆ. ಅವನು ಗಂಭೀರವಾಗಿ ಕೇಳಿಸಿಕೊಂಡು, ನಾಳೆಯಿಂದ ತರುವುದಿಲ್ಲವೆಂದ. ಮರುವಾರವೂ ತೂಕ ಏರಿತು. ಅದರ ಮರುವಾರವೂ ಏರಿತು. ನಾನು ಮತ್ತೆ ಬೇಗ ಹೋಗಲಿಲ್ಲ.

ಒಂದು ದಿನ ಮೇಡಂ ಪುಸ್ತಕ ತಿರುವಿಹಾಕುತ್ತ ಕೇಳಿದರು: "ಈ ಗುಂಪು ಇಷ್ಟು ಚೆನ್ನಾಗಿದೆಯಲ್ಲ. ಆಹಾರ ಎಲ್ಲಾದರೂ ಬೆರಕೆ ಆಗ್ತಿದೆಯಾ?"

"ಇಲ್ಲ ಮೇಡಂ. ತೂಕ ಎಲ್ಲ ಸರಿಯಾಗಿ ಬರೆದಿದ್ದೀನಿ," ಎಂದೆ.

ಎರಡನೆಯ ವಾಕ್ಯ ನಿಜವಾಗಿತ್ತು. ಹೇಳಿದ್ದರೆ ಆ ಮನುಷ್ಯನನ್ನು ಅವತ್ತೇ ಮನೆಗೆ ಕಳಿಸುತ್ತಿದ್ದರು, ಪ್ರಯೋಗವನ್ನು ಮೊದಲಿನಿಂದ ಶುರು ಮಾಡುತ್ತಿದ್ದರು. ಎರಡೂ ಆಗಲೇಬೇಕಿತ್ತು.

ಕೊನೆಗೆ ಇಲಿಗಳನ್ನು ಕೊಯ್ದಾಗ ಎರಡು ಗುಂಪಿನ ಯಕೃತ್ತುಗಳಲ್ಲಿ ಹೇಳಿಕೊಳ್ಳುವಂಥ ಭೇದ ಕಾಣಲಿಲ್ಲ. ಗಡ್ಡೆ ಕಾಣಲಿಲ್ಲ. ಕೊಟ್ಟ ಪ್ರಮಾಣದಲ್ಲಿ ಹಾನಿ ಕಂಡುಬಂದಿಲ್ಲ ಎಂದು ಮೇಡಂ ಒಂದು ಹಾಳೆಯ ವರದಿ ಬರೆದು, ನನ್ನ ತೂಕದ ಪಟ್ಟಿಯನ್ನು ಅದಕ್ಕೆ ಲಗತ್ತಿಸಿದರು. ಚಾಚಾಗೆ ಸುದ್ದಿ ಮುಟ್ಟಿಸಿದವನು ನಾನೇ. ಅವರು ಸಂಜೆ ಎರಡು ಬಾದಾಮ್ ಪೂರಿ ಕಳಿಸಿದರು. ನೋವು ಬಂದಾಗಿನಿಂದ ಬಿಟ್ಟಿದ್ದ ಹಳದಿ ಕಡ್ಡಿಯನ್ನು ಮರುದಿನದಿಂದ ಮತ್ತೆ ಎಳೆಯತೊಡಗಿದರು.

ಪ್ರಯೋಗಾಲಯ ಮುಚ್ಚಿದ ಮೇಲೆ ನಾನು ಪತ್ರಿಕೆಯೊಂದಕ್ಕೆ ಸ್ಥಳೀಯ ವರದಿಗಾರನಾದೆ. ಚಾಚಾ ಇನ್ನೂ ಆರೇಳು ವರ್ಷ ಕೆಲಸ ಮಾಡಿದರು. ಆಮೇಲೆ ಹೊಟ್ಟೆಯಲ್ಲಿ ನೀರು ತುಂಬಿತು, ಕಣ್ಣು ಹಳದಿಗೆ ತಿರುಗಿತು. ಬೆಂಗಳೂರಿನ ವೈದ್ಯರು ಲಿವರ್ ಕ್ಯಾನ್ಸರ್ ಎಂದರು. ಕಾರಣ ಕೇಳಿದರೆ, ಇಂಥದ್ದೇ ಎಂದು ಹೇಳಲಾಗದು ಎಂದರು. ಅದೂ ನಿಜ. ಆ ಪುಡಿಯೇ ಕಾರಣವೆಂದು ಇವತ್ತಿಗೂ ನಾನು ಹೇಳಲಾರೆ. ಅದನ್ನು ಹೇಳಬಹುದಾಗಿದ್ದ ಒಂದೇ ಅವಕಾಶ ಅಂದು ಪ್ರಯೋಗಾಲಯದಲ್ಲಿ ನನ್ನ ಮೇಜಿನ ಮೇಲಿತ್ತು.

ಬೊಂಬೆ ಬಣ್ಣಗಳ ಬಗ್ಗೆ ಒಂದು ವರದಿ ಬರೆದು ಕಳಿಸಿದೆ. ಸುದ್ದಿ ಸಂಪಾದಕರು ಫೋನ್ ಮಾಡಿ ದಾಖಲೆ ಕೇಳಿದರು. ಆ ಬಣ್ಣದ ಮೇಲೆ ಇದ್ದ ದಾಖಲೆ ಒಂದೇ. ಅದು ಹಾನಿಯಿಲ್ಲ ಎನ್ನುತ್ತಿತ್ತು, ಅದಕ್ಕೆ ಆಧಾರ ನನ್ನದೇ ಕೈಬರಹ. ಮೇಡಂ ಆಗಲೇ ತೀರಿಕೊಂಡಿದ್ದರು. ಕೈಲಾಂಚದವನನ್ನು ಹುಡುಕಿಕೊಂಡು ಹೋದೆ. ಇಷ್ಟರಲ್ಲೇ ಮುದುಕನಾಗಿಬಿಟ್ಟಿದ್ದ. ಇಲಿಗಳ ನೆನಪಿತ್ತು, ಹಾಲಿನ ನೆನಪಿರಲಿಲ್ಲ. "ನಾ ಯಾಕಪ್ಪಾ ಹಾಕ್ಲಿ?" ಎಂದ. ವರದಿ ಅಚ್ಚಾಗಲಿಲ್ಲ. ಸಂಪಾದಕರ ಜಾಗದಲ್ಲಿದ್ದರೆ ನಾನೂ ಅಚ್ಚು ಹಾಕುತ್ತಿರಲಿಲ್ಲ.

ಅಷ್ಟರಲ್ಲಿ ಚಾಚಾ ತೀರಿಕೊಂಡರು. ಅವರಿಗೆ ನಾನು ಏನನ್ನೂ ಹೇಳಿರಲಿಲ್ಲ. ನಲವತ್ತನೆಯ ದಿನ ಕಳೆದ ಮೇಲೂ ಚಾಚಿ ಮನೆಯೊಳಗೇ ಇದ್ದು, ಕೆಲವು ತಿಂಗಳ ನಂತರ ಗಂಡನ ಜಾಗದಲ್ಲಿ ಕೂತು ಗಿಲಕಿ ತಿರುವತೊಡಗಿದರು. ಅವರೂ ಚೀಪಿ ನೋಡುತ್ತಿದ್ದರು. ಒಂದು ಮಧ್ಯಾಹ್ನ ಹೋಗಿ ಎಲ್ಲವನ್ನೂ ಹೇಳಿದೆ: ಎರಡು ಗುಂಪು, ಹಾಲು, ಮೇಡಂ ಕೇಳಿದ್ದು, ನಾನು ಉತ್ತರಿಸಿದ್ದು. ಬೈಗುಳಕ್ಕೆ ಸಿದ್ಧನಾಗಿದ್ದೆ. ಚಾಚಿ ಬೈಯಲಿಲ್ಲ. ಮರದ ಹೊಟ್ಟನ್ನು ಮಡಿಲಿನಿಂದ ಕೊಡವಿಕೊಂಡರು.

"ಅಂದ್ರೆ ಹಾಲು ಕುಡಿದ ಇಲಿಗೆ ಏನೂ ಆಗ್ಲಿಲ್ಲ."

"ಅದಲ್ಲ ಚಾಚಿ ನಾನು ಹೇಳಿದ್ದು. ಆ ಹಳದಿ ಬಿಟ್ಟುಬಿಡಿ."

"ಹಳದಿ ಇಲ್ದೆ ಗಿಲಕಿ ಯಾರು ತಗೊಳ್ತಾರಪ್ಪಾ? ಹಾಲಾದ್ರೆ ಆಗ್ತದೆ."

ವಾರದೊಳಗೆ ಮಾತು ಬೀದಿ ತುಂಬ ಹರಡಿತು. ಮರದ ಧೂಳಿಗೆ ಬೆಲ್ಲ ತಿನ್ನುವುದು ಮೊದಲಿನಿಂದಲೂ ಇತ್ತು, ಈಗ ಹಳದಿಗೆ ಹಾಲು. ಎದುರುಸಾಲಿನ ಮನೆಗಳವರು ಸಂಜೆಯ ಟೀ ಬಿಟ್ಟು ಹಾಲು ಕಾಯಿಸತೊಡಗಿದರು. ಹಾಲು ಕುಡಿದ ಧೈರ್ಯದಲ್ಲಿ, ಚಾಚಾ ತೀರಿಕೊಂಡ ಮೇಲೆ ಹಳದಿಯನ್ನು ಕೈಬಿಟ್ಟಿದ್ದ ಒಬ್ಬಿಬ್ಬರು ಮತ್ತೆ ಪೊಟ್ಟಣ ತರಿಸಿಕೊಂಡರು. ಸುಳ್ಳು ಎನ್ನೋಣವೆಂದರೆ ಅದು ಪೂರ್ತಿ ಸುಳ್ಳಲ್ಲ. ನಿಜ ಎನ್ನಲು ನನ್ನ ಬಳಿ ಏನೂ ಇರಲಿಲ್ಲ.

ಚಾಚಿ ಒಮ್ಮೆ ಜಗಲಿಯಿಂದಲೇ ಕೂಗಿ ಕೇಳಿದರು: "ದಿನಕ್ಕೆ ಎಷ್ಟು ಕುಡೀಬೇಕು ಬೇಟಾ? ಅರ್ಧ ಲೋಟ ಸಾಕಾ?"

ಮನುಷ್ಯರ ಲೆಕ್ಕ ಹಾಗಿರಲಿ, ಇಲಿಗಳ ಲೆಕ್ಕವೂ ನನಗೆ ಗೊತ್ತಿರಲಿಲ್ಲ. ಕೈಲಾಂಚದವನು ಹಾಲನ್ನು ಅಳೆದು ಸುರಿದಿರಲಿಲ್ಲ, ನಾನು ಬರೆದಿರಲಿಲ್ಲ.

"ಗೊತ್ತಿಲ್ಲ ಚಾಚಿ," ಎಂದೆ.

"ಇರ್ಲಿ, ಅರ್ಧ ಲೋಟ ಕುಡೀತೀನಿ," ಎಂದು ಅವರು ಒಳಗೆ ಹೋದರು.