ಹೊರಟವರಿಗೆ ಅಡ್ಡ ನಿಂತ ಒಂದ್ನಿಮಿಷ

ಆಫೀಸಿನಲ್ಲಿ ಅವನಿಗೆ ‘ಒಂದ್ನಿಮಿಷ’ ಅಂತಲೇ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಜೊತೆಯವರು ಅಣಕಕ್ಕೆ ಇಟ್ಟ ಈ ಅಡ್ಡಹೆಸರನ್ನು ಆಸಾಮಿ ಬಿರುದು ಅಂದುಕೊಂಡಿದ್ದ. ಎಂಥವನು ಅಂತ ಇದರಲ್ಲೇ ತಿಳಿಯಿತಲ್ಲ.

ಅವನ ಕಸುಬು ಏನಪ್ಪಾ ಅಂದರೆ, ಹೊರಟವರನ್ನು ತಡೆಯುವುದು. ನೀವು ಕಂಪ್ಯೂಟರಿನಲ್ಲಿ ಯಾವುದೋ ವೆಬ್‌ಸೈಟ್ ನೋಡುತ್ತಿದ್ದೀರಿ, ಚಪ್ಪಲಿಯದೋ ಕೂದಲೆಣ್ಣೆಯದೋ. ನೋಡಿದ್ದಾಯಿತು, ಸಾಕು ಅಂತ ಮುಚ್ಚಲು ಮೌಸಿನ ಬಾಣವನ್ನು ಮೇಲಿನ ಮೂಲೆಗೆ ಒಯ್ಯುತ್ತೀರಿ. ಬಾಣ ಮೇಲಕ್ಕೆ ಹೊರಟಿತೋ ಇಲ್ಲವೋ, ಪರದೆಯೆಲ್ಲ ಮಬ್ಬಾಗಿ ನಡುವೆ ಒಂದು ಡಬ್ಬಿ ಎದ್ದು ನಿಲ್ಲುತ್ತದೆ: ‘ಒಂದು ನಿಮಿಷ! ಹಾಗೇ ಹೊರಟುಬಿಟ್ಟಿರಾ?’ ಇಮೇಲ್ ಕೊಡಿ, ವಾರಕ್ಕೊಂದು ಪತ್ರ ಕಳಿಸುತ್ತೇವೆ ಅನ್ನುತ್ತದೆ. ಇದಕ್ಕೆ ಪಾಪ್-ಅಪ್ ಅಂತ ಹೆಸರು. ಬಾಗಿಲಲ್ಲಿ ನಿಂತು ಹೋಗುವವರ ಸೆರಗು ಹಿಡಿದು ಎಳೆಯುವ ಕೆಲಸಕ್ಕೂ ಒಂದು ಮರ್ಯಾದಸ್ಥ ಹೆಸರು ಬೇಕಲ್ಲ.

ಡಬ್ಬಿಯಲ್ಲಿ ‘ಕೊಡುತ್ತೇನೆ’ ಅನ್ನುವ ಗುಂಡಿ ಅಂಗೈಯಗಲ, ಹಸಿರು. ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ‘ಬೇಡ’. ಬರೀ ಬೇಡ ಅಂತ ಬರೆದರೆ ಇವನ ದೊಡ್ಡಸ್ತಿಕೆ ಏನು ಉಳಿಯಿತು? ಕೂದಲೆಣ್ಣೆಯವರಿಗೆ ‘ಬೇಡ, ನಾನು ಬೋಳಾದರೂ ಪರವಾಗಿಲ್ಲ’ ಅಂತ ಬರೆದ. ಮಕ್ಕಳ ಪುಸ್ತಕದವರಿಗೆ ‘ಬೇಡ, ನನ್ನ ಮಗು ದಡ್ಡನಾಗಿಯೇ ಬೆಳೆಯಲಿ’ ಅಂತ. ಹೋಗುವವರು ತಮ್ಮನ್ನು ತಾವೇ ಬೈದುಕೊಂಡು ಹೋಗಬೇಕು. ಡಬ್ಬಿ ಮುಚ್ಚುವ ಗುಣಿಸು ಗುರುತೂ ಈ ‘ಬೇಡ’ವೂ ಮೊದಲ ಐದು ಸೆಕೆಂಡು ಕಾಣಿಸುವುದೇ ಇಲ್ಲ. ಈ ಐದು ಸೆಕೆಂಡು ಅವನದೇ ಕರಾಮತ್ತು. ಅದು ಹೊಳೆದ ದಿನ ಕುರ್ಚಿಯಲ್ಲಿ ಹಿಂದಕ್ಕೆ ವಾಲಿ ಎಷ್ಟು ನಕ್ಕ ಅಂದರೆ, ಕುರ್ಚಿಯ ಒಂದು ಗಾಲಿ ಕಿತ್ತು ಬಂತು.

ಆಫೀಸು ಟೈಲರ್ ಅಂಗಡಿಯ ಮೇಲೆ, ಮೂರನೇ ಮಹಡಿಯಲ್ಲಿ. ಏಸಿಯ ನೀರು ಒಂದು ಬಕೆಟ್ಟಿಗೆ ತೊಟ್ಟಿಕ್ಕುತ್ತಿತ್ತು. ಎದುರು ಗೋಡೆಗೆ ದೊಡ್ಡ ಟಿವಿ. ಅದರಲ್ಲಿ ಸಿನಿಮಾ ಬರುತ್ತಿರಲಿಲ್ಲ, ಯಾವ ವೆಬ್‌ಸೈಟಿಗೆ ಎಷ್ಟು ಜನ ಬಂದರು, ಎಷ್ಟು ಜನ ಹೆಸರು ಕೊಟ್ಟರು, ಡಬ್ಬಿ ಎದ್ದ ಮೇಲೆ ಯಾರು ಎಷ್ಟು ಹೊತ್ತು ಉಳಿದರು ಅನ್ನುವುದು ಬರುತ್ತಿತ್ತು. ಹೆಚ್ಚು ಹೊತ್ತು ಉಳಿದರೆ ಆ ಸಾಲು ಹಸಿರು. ಯಾಕೆ ಉಳಿದರು ಅಂತ ಟಿವಿಯೂ ಹೇಳುತ್ತಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ.

ಇವನಿಗೊಬ್ಬಳು ತಂಗಿ. ಮದುವೆಯಾಗಿ ನಾಲ್ಕು ವರ್ಷ. ಗಂಡು ಇವನ ಸ್ನೇಹಿತನೇ, ಸಂಬಂಧ ತಂದವನೂ ಇವನೇ. ಆ ಸ್ನೇಹಿತ ದಿನಾ ಹೆಂಡತಿಯ ಫೋನು ತೆಗೆದು ನೋಡುತ್ತಿದ್ದ, ಹೊರಗೆ ಹೋಗುವಾಗ ಬಾಗಿಲಿಗೆ ಬೀಗ ಹಾಕಿಕೊಂಡು ಹೋಗುತ್ತಿದ್ದ, ಬರಬರುತ್ತಾ ಕೈಯನ್ನೂ ಎತ್ತತೊಡಗಿದ್ದ. ಬೀಗ ಮರೆತ ದಿನ ನೋಡಿಕೊಂಡು ತಂಗಿ ಎರಡು ಸಲ ಆಫೀಸಿನವರೆಗೆ ಬಂದಿದ್ದಳು. ಇವನು ಒಳಗೆ ಕರೆಯಲಿಲ್ಲ. ಮೆಟ್ಟಿಲ ತಿರುವಿನಲ್ಲೇ ನಿಲ್ಲಿಸಿ ಮಾತಾಡಿಸಿದ. ಕೆಲವು ದಿನ ನಿನ್ನ ಮನೆಯಲ್ಲಿ ಇರಲಾ ಅಂತ ಅವಳು ಕೇಳಿದ್ದಕ್ಕೆ, ದುಡುಕಬೇಡ, ಕೂತು ಯೋಚನೆ ಮಾಡು, ಅವನು ಒಳ್ಳೆಯವನೇ, ಸ್ವಲ್ಪ ಮುಂಗೋಪ ಅಷ್ಟೆ ಅಂದ. ಮನೆಯಲ್ಲಿ ಒಂದು ಕೋಣೆ ಖಾಲಿ ಬಿದ್ದಿತ್ತು. ಅದರಲ್ಲಿ ವ್ಯಾಯಾಮದ ಸೈಕಲ್ಲು, ಸೈಕಲ್ಲಿನ ಮೇಲೆ ಒಣಗಲು ಹಾಕಿದ ಇವನ ಟವೆಲ್ಲು. ಎರಡನೇ ಸಲ ಬಂದಾಗ ಅವಳು ತನ್ನ ಓದಿನ ಸರ್ಟಿಫಿಕೇಟುಗಳನ್ನು ಕವರಿನಲ್ಲಿ ಹಾಕಿ, ಇದಾದರೂ ನಿನ್ನ ಹತ್ತಿರ ಇರಲಿ ಅಂತ ಕೊಟ್ಟುಹೋದಳು. ಇವನು ಅದನ್ನು ಮೇಜಿನ ಡ್ರಾಯರಿಗೆ ಎಸೆದ. ಊರಿಗೆಲ್ಲ ಒಂದು ನಿಮಿಷ ತಡಿ ಅನ್ನುವವನು ಒಡಹುಟ್ಟಿದವಳಿಗೆ ಒಂದು ನಿಮಿಷ ಕೊಡಲಿಲ್ಲ.

ಅದೇ ತಿಂಗಳು ಯಜಮಾನ ಒಂದು ಧರ್ಮದ ಕೆಲಸ ಒಪ್ಪಿಕೊಂಡ. ಗಂಡನ ಮನೆಯಲ್ಲಿ ಬಾಳಲಾಗದೆ ಹೊರಡಬೇಕೆನ್ನುವ ಹೆಂಗಸರಿಗೆ ಜಾಗ ಕೊಡುವ ಒಂದು ಕೇಂದ್ರ. ಅದನ್ನು ನಡೆಸುವ ಮೇಡಂ ಐವತ್ತು ದಾಟಿದವರು, ಮಾತು ಕಡಿಮೆ. ಕೇಂದ್ರಕ್ಕೆ ನೆರವು ಕೊಡುವವರು ನಾಲ್ಕು ಜನ ಹೆಚ್ಚು ಸಿಗಲಿ, ವೆಬ್‌ಸೈಟ್ ಸ್ವಲ್ಪ ಸರಿಮಾಡಿಕೊಡಿ ಅಂತ ಕೇಳಿದ್ದರು. ಜೊತೆಗೆ ಒಂದು ಹಾಳೆಯಲ್ಲಿ, ಮೇಲಿನ ಕೆಂಪು ಗುಂಡಿಯನ್ನು ಯಾವ ಕಾರಣಕ್ಕೂ ಮುಟ್ಟಬೇಡಿ ಅಂತ ಬರೆದು ಕೊಟ್ಟಿದ್ದರು.

ಆ ಕೆಂಪು ಗುಂಡಿಯ ಮೇಲೆ ‘ಬೇಗ ಹೊರಗೆ’ ಅಂತ ಇತ್ತು. ಒತ್ತಿದರೆ ಕೇಂದ್ರದ ಪುಟ ಮಾಯವಾಗಿ ಹವಾಮಾನ ವರದಿ ಬರುತ್ತಿತ್ತು. ಒಂದ್ನಿಮಿಷ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ಬಂದವರಿಗೆ ಹೊರಗೆ ಹೋಗುವ ದಾರಿಯನ್ನು ನಾವೇ ತೋರಿಸಬೇಕಾ, ಇವರಿಗೆ ವೆಬ್‌ಸೈಟ್ ಅಂದರೇನು ಅಂತ ಗೊತ್ತಾ ಅಂತ ಪಕ್ಕದವನಿಗೆ ಹೇಳಿದ. ಹೆಂಗಸರು ಯಾಕೆ ಬೇಗ ಹೊರಗೆ ಹೋಗಬೇಕಾಗುತ್ತದೆ ಅಂತ ಆ ತಲೆಗೆ ಹೊಳೆಯಲಿಲ್ಲ. ಮೆಟ್ಟಿಲ ತಿರುವಿನಲ್ಲಿ ಎರಡು ಸಲ ನಿಂತು ಕೇಳಿದ್ದರೂ ಹೊಳೆಯಲಿಲ್ಲ. ಕೆಂಪು ಗುಂಡಿ ಕಿತ್ತ, ತನ್ನ ಡಬ್ಬಿ ಕೂರಿಸಿದ. ಕೇಂದ್ರದ ಹೆಸರು ದೊಡ್ಡ ಅಕ್ಷರದಲ್ಲಿ, ಕೆಳಗೆ ಬೇಡ ಅನ್ನುವವರಿಗೆ ‘ಬೇಡ, ನನಗೆ ಯಾರ ಆಸರೆಯೂ ಬೇಕಿಲ್ಲ’.

ಬುಧವಾರ ಮೇಡಂ ಫೋನ್ ಮಾಡಿದರು. ಕೆಂಪು ಗುಂಡಿ ಎಲ್ಲಿ ಅಂತ ಕೇಳಿದರು. ನಮ್ಮಲ್ಲಿಗೆ ಬರುವವರು ಕದ್ದು ನೋಡುತ್ತಾರೆ, ಯಾರಾದರೂ ಬಂದರೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಚ್ಚಬೇಕು, ನಿಮ್ಮ ಡಬ್ಬಿ ಇವತ್ತೇ ತೆಗೆಯಿರಿ ಅಂದರು. ಇಷ್ಟು ಬಿಡಿಸಿ ಹೇಳಿದ ಮೇಲಾದರೂ ತಂಗಿ ನೆನಪಾಗಬೇಕಿತ್ತು. ಇವನಿಗೆ ನೆನಪಾದದ್ದು ಟಿವಿ. ಅಂಕಿಸಂಖ್ಯೆ ಚೆನ್ನಾಗಿದೆ ಮೇಡಂ, ಒಂದು ವಾರ ಪೂರ್ತಿಯಾಗಲಿ, ಸೋಮವಾರ ನೋಡೋಣ ಅಂದು ಫೋನಿಟ್ಟ. ಮೇಡಂ ಯಜಮಾನನಿಗೂ ಹೇಳಿದರು. ಅವನೋ ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ. ನಮ್ಮ ಹುಡುಗ ಸೋಮವಾರ ಅಂದರೆ ಸೋಮವಾರವೇ ಸರಿ ಅಂದ.

ಗುರುವಾರ ಊಟ ಮುಗಿದ ಮೇಲೆ ಯಜಮಾನ ಎಲ್ಲರನ್ನೂ ಟಿವಿ ಮುಂದೆ ಕರೆದ. ಕೇಂದ್ರದ ವೆಬ್‌ಸೈಟಿನಲ್ಲಿ ಬೆಳಿಗ್ಗೆ ಏಳೂ ಹತ್ತಕ್ಕೆ ಯಾರೋ ಒಬ್ಬರು ಹೊರಡಲು ಹೋಗಿ, ಡಬ್ಬಿ ಎದ್ದ ಮೇಲೆ ಹನ್ನೊಂದು ನಿಮಿಷ ಉಳಿದಿದ್ದರು. ಹನ್ನೊಂದು ನಿಮಿಷ ಈ ಆಫೀಸಿನಲ್ಲಿ ಯಾರೂ ಕಂಡಿರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಒಂದ್ನಿಮಿಷ ಎದ್ದು ನಿಂತು ಎದೆಯ ಮೇಲೆ ಕೈಯಿಟ್ಟು ಬಾಗಿದ. ಜಂಬದ ಕೋಳಿ.

ಶುಕ್ರವಾರ ಮಧ್ಯಾಹ್ನ ತಂಗಿ ಬಂದಳು. ಈ ಸಲ ಮೆಟ್ಟಿಲ ತಿರುವಿನಲ್ಲಿ ನಿಲ್ಲಲಿಲ್ಲ, ನೇರ ಒಳಗೆ ಬಂದಳು. ಎಡಗೈ ಮಣಿಕಟ್ಟಿಗೆ ಬ್ಯಾಂಡೇಜು. ಹಿಂದೆಯೇ ಕೇಂದ್ರದ ಮೇಡಂ ಬಂದು ಬಾಗಿಲ ಹತ್ತಿರ ನಿಂತರು. ಇಬ್ಬರನ್ನೂ ಒಟ್ಟಿಗೆ ನೋಡಿ ಏನೋ ಎಡವಟ್ಟಾಗಿದೆ ಅಂತ ಇವನಿಗೆ ಅನ್ನಿಸಿತು. ಅಷ್ಟು ಬುದ್ಧಿ ಕೊನೆಗೂ ಬಂತು ಅನ್ನಿ.

“ಅಣ್ಣಾ, ‘ಹಾಗೇ ಹೊರಟುಬಿಟ್ಟಿರಾ’ ಅಂತ ಬರೆದೋನು ನೀನೇ ತಾನೆ?” ಅಂತ ಕೇಳಿದಳು. “ಓದಿದ ತಕ್ಷಣ ನಿನ್ನ ಮಾತು ಅನ್ನಿಸ್ತು.”

ಆಮೇಲೆ ಸಮಾಧಾನವಾಗಿ ಹೇಳಿದಳು. ನಿನ್ನೆ ಬೆಳಿಗ್ಗೆ ಗಂಡ ಸ್ನಾನಕ್ಕೆ ಹೋದಾಗ ಮನೆಯ ಕಂಪ್ಯೂಟರಿನಲ್ಲಿ ಕೇಂದ್ರದ ಪುಟ ತೆಗೆದಿದ್ದಳು. ಫೋನ್ ನಂಬರು ಬಾಯಿಪಾಠ ಮಾಡಿಕೊಂಡಳು. ಬಚ್ಚಲ ಚಿಲಕದ ಸದ್ದಾಯಿತು, ಮುಚ್ಚಲು ಹೋದಳು. ಡಬ್ಬಿ ಎದ್ದು ನಿಂತಿತು. ಅದನ್ನು ಮುಚ್ಚುವ ಗುರುತು ಹುಡುಕಿದಳು, ಇರಲಿಲ್ಲ. ಗುರುತು ಕಾಣಿಸುವ ಹೊತ್ತಿಗೆ ಗಂಡ ಕುರ್ಚಿಯ ಹಿಂದೆ ನಿಂತಿದ್ದ.

ಇಷ್ಟು ಕೇಳಿದ ಮೇಲೆ ಅಣ್ಣ ಅನ್ನಿಸಿಕೊಂಡ ಪ್ರಾಣಿ ಏನು ಹೇಳಿತು ಗೊತ್ತೇ?

“ಡಬ್ಬಿ ಬಿಟ್ಟು ಪೂರ್ತಿ ಪುಟಾನೇ ಮುಚ್ಚಬಹುದಿತ್ತಲ್ಲ” ಅಂದ.

ಬಕೆಟ್ಟಿಗೆ ನೀರು ಬೀಳುವುದು ಕೇಳಿಸುತ್ತಿತ್ತು.

“ಬೇಡ ಅಂತ ಕೆಳಗೆ ಬರ್ದಿದ್ದೆಯಲ್ಲ, ಅದನ್ನ ಜೋರಾಗಿ ಓದು ಅಂದ” ಅಂತ ತಂಗಿ ಮುಂದುವರಿಸಿದಳು. “ನನಗೆ ಯಾರ ಆಸರೆಯೂ ಬೇಕಿಲ್ಲ ಅಂತ ಓದಿದೆ. ಇನ್ನೊಂದು ಸಲ ಅಂದ. ಎಷ್ಟು ಸಲ ಓದಿಸಿದ ಅಂತ ಲೆಕ್ಕ ಇಲ್ಲ. ಆಮೇಲೆ ನನ್ನ ಕೈ ಹಿಡಿದು ಅವನೇ ಒತ್ತಿಸಿದ.”

ಇವತ್ತು ಬೆಳಿಗ್ಗೆ ಗಂಡ ಮತ್ತೆ ಸ್ನಾನಕ್ಕೆ ಹೋದಾಗ ಉಟ್ಟ ಬಟ್ಟೆಯಲ್ಲೇ ಹೊರಟಿದ್ದಳು. ಪಕ್ಕದ ಮನೆಯ ಅಜ್ಜಿಯ ಫೋನಿನಿಂದ ಬಾಯಿಪಾಠ ಮಾಡಿದ್ದ ನಂಬರಿಗೆ ಕರೆ ಮಾಡಿದ್ದಳು. ಇಲ್ಲಿಗೆ ಬಂದದ್ದು ಸರ್ಟಿಫಿಕೇಟುಗಳಿಗೆ ಮಾತ್ರ. ಇವನು ಡ್ರಾಯರು ಎಳೆದು, ಚಾರ್ಜರಿನ ವೈರುಗಳ ಅಡಿಯಿಂದ ಕವರು ತೆಗೆದುಕೊಟ್ಟ. ಕವರಿನ ಮೇಲೆ ಚಹಾ ಲೋಟ ಇಟ್ಟ ಗುರುತು ದುಂಡಗೆ ಮೂಡಿತ್ತು. ನಮ್ಮ ಮನೆಗೆ ಬಾ, ಕೋಣೆ ಖಾಲಿ ಇದೆ ಅಂದ. ಈಗ ಇತ್ತು ಕೋಣೆ. ಅವಳು ಬೇಡ ಅಂತ ತಲೆಯಾಡಿಸಿದಳು. ಹಾಗಾದರೆ ಎಲ್ಲಿರುತ್ತೀಯ, ಅದನ್ನಾದರೂ ಹೇಳು ಅಂತ ಕೇಳಿದ.

“ಹೇಳಲ್ಲ ಅಣ್ಣ. ನಿನಗೆ ಗೊತ್ತಾದ್ರೆ ಅವನಿಗೂ ಗೊತ್ತಾಗುತ್ತೆ.”

ಕವರನ್ನು ಎದೆಗೊತ್ತಿಕೊಂಡು ಹೊರಟಳು. ಇವನು ಎದ್ದು ಎರಡು ಹೆಜ್ಜೆ ಹಿಂದೆ ಹೋಗಿ “ಒಂದು ನಿಮಿಷ” ಅಂದ. ರೂಢಿಯ ಮೇಲೆ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕು, ಬಾಯಿ ಮುಚ್ಚಿಕೊಂಡರು. ತಂಗಿ ತಿರುಗಿ ನೋಡಲಿಲ್ಲ. ಮೇಡಂ ಬಾಗಿಲು ಹಿಡಿದುಕೊಂಡಿದ್ದರು. ಮೆಟ್ಟಿಲಿಳಿಯುವ ಚಪ್ಪಲಿ ಸದ್ದು ತಿರುವಿನಲ್ಲಿ ನಿಲ್ಲದೆ ಕೆಳಗೆ ಹೋಯಿತು.

ಅವನು ಬಂದು ಕೂತು ಡಬ್ಬಿ ಕಿತ್ತುಹಾಕಿದ, ಕೆಂಪು ಗುಂಡಿಯನ್ನು ಇದ್ದ ಜಾಗದಲ್ಲೇ ಇಟ್ಟ. ಸೋಮವಾರದವರೆಗೆ ಕಾಯಬೇಕಿದ್ದ ಆ ಮಹಾಕಾರ್ಯಕ್ಕೆ ಹಿಡಿದದ್ದು ನಾಲ್ಕು ನಿಮಿಷ. ತಲೆಯೆತ್ತಿದಾಗ ಎದುರಿಗೆ ಟಿವಿ. ಯಜಮಾನ ಗುರುವಾರದ ಆ ಸಾಲನ್ನು ಎಲ್ಲರಿಗೂ ಕಾಣಲಿ ಅಂತ ಮೇಲೆಯೇ ಇರಿಸಿದ್ದ. ಬೆಳಿಗ್ಗೆ ಏಳೂ ಹತ್ತು, ಹನ್ನೊಂದು ನಿಮಿಷ, ಹಸಿರು.