ಅಕ್ಕನ ಮುಖ ನೋಡದ ನಾಲ್ಕು ದಿನ

ನಾನು ಚಿಕ್ಕವನಿದ್ದಾಗ ಒಂದು ಮಳೆಗಾಲದಲ್ಲಿ ನಾಲ್ಕು ದಿನ ಅಕ್ಕನ ಮುಖವನ್ನೇ ನೋಡಿರಲಿಲ್ಲ. ಜಗಳವೇನೂ ಆಗಿರಲಿಲ್ಲ. ನನಗೆ ಕೆಂಗಣ್ಣು ಬಂದಿತ್ತು, ಮಕ್ಕಳೇ. ಕೆಂಗಣ್ಣಿನವರನ್ನು ನೋಡಿದರೆ ಸಾಕು, ನೋಡಿದವರಿಗೂ ಬರುತ್ತದೆ ಎಂದು ಆಗ ನಮ್ಮೂರೆಲ್ಲ ನಂಬಿತ್ತು.

ನಮ್ಮದು ತದಡಿಯ ಹತ್ತಿರ, ಹೊಳೆ ದಡದ ಮನೆ. ಆರಿದ್ರಾ ಮಳೆ ಹಿಡಿದರೆ ಬಿಡುತ್ತಿರಲಿಲ್ಲ. ಬುಧವಾರ ಕಣ್ಣುಜ್ಜುತ್ತಾ ಶಾಲೆಯಿಂದ ಬಂದೆ. ಗುರುವಾರ ಏಳುವಾಗ ರೆಪ್ಪೆಗಳು ಅಂಟಿಹೋಗಿದ್ದವು. ಒಳಗೆ ಹೊಯಿಗೆ, ಅಂದರೆ ಮರಳು, ಹೊಕ್ಕ ಹಾಗೆ ಚುಚ್ಚುತ್ತಿತ್ತು. ಮರುದಿನ ಅಪ್ಪನಿಗೆ ಬಂತು, ಅದರ ಮರುದಿನ ಅವ್ವಿಗೆ. ಉಳಿದವಳು ಅಕ್ಕ ಒಬ್ಬಳೇ. ಅವಳಿಗೋ ಸೋಮವಾರ ಕುಮಟೆಯಲ್ಲಿ ಶಿಕ್ಷಕಿಯರ ತರಬೇತಿಗೆ ಸಂದರ್ಶನ. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ‘ಅಕ್ಕೋರು’ ಎನ್ನುತ್ತೇವೆ. ನಮ್ಮ ಅಕ್ಕ ಊರಿಗೆಲ್ಲ ಅಕ್ಕೋರಾಗುವುದು ಆ ಒಂದು ದಿನದ ಮೇಲೆ ನಿಂತಿತ್ತು. ಕಣ್ಣು ಕೆಂಪಾದರೆ ಅವಳನ್ನು ಒಳಗೇ ಬಿಡಲಿಕ್ಕಿಲ್ಲ ಎಂದು ಅಪ್ಪ ಚಿಂತೆಗೆ ಬಿದ್ದ.

ಅವಳನ್ನು ನೋಡಕೂಡದು ಎಂದು ಅವ್ವಿ ಮೊದಲ ದಿನವೇ ನನಗೆ ತಾಕೀತು ಮಾಡಿದ್ದಳು. ನನ್ನದೋ ಉಡದ ಪಟ್ಟು. ಅಕ್ಕ ಬಂದ ಸದ್ದಾದರೆ ಬಾಗಿಲ ಹಿಂದಿನ ಟುವಾಲು ಎಳೆದು ಮುಖ ಮುಚ್ಚಿಕೊಳ್ಳುತ್ತಿದ್ದೆ. ಗೋಡೆಗೆ ಮುಖ ಮಾಡಿ ಗಂಜಿ, ಒಣಮೀನು ಉಣ್ಣುತ್ತಿದ್ದೆ. ಒಮ್ಮೆ ಮುಖ ಮುಚ್ಚಿಕೊಂಡೇ ಹೋಗಿ ಕಂಬಕ್ಕೆ ಹಣೆ ಬಡಿದುಕೊಂಡೆ. ಅಕ್ಕ ನಕ್ಕಿದ್ದು ಕೇಳಿಸಿತು ಅಷ್ಟೆ. ಆ ಮಳೆಯಲ್ಲಿ ಬಟ್ಟೆ ಒಣಗುವುದುಂಟೇ? ಅರೆಬರೆ ಒಣಗಿದ ಆ ಟುವಾಲೊಂದೇ ಮನೆಮಂದಿಗೆಲ್ಲ ಗತಿಯಾಗಿತ್ತು.

ಶನಿವಾರ ನರ್ಸಬಾಯಿ ಬಂದರು. ಮನೆಮನೆ ತಿರುಗಿ ಔಷಧ ಕೊಡುತ್ತಿದ್ದವರು. ಅವರು ಕೊಡೆ ಮಡಚುವಷ್ಟರಲ್ಲಿ ಅಕ್ಕ ಮುಖ ತೊಳೆದು, ನಾನು ಆಗಷ್ಟೇ ನೇತುಹಾಕಿದ ಟುವಾಲಿಗೆ ಕೈ ಚಾಚಿದಳು.

“ತಡಿ ತಂಗಿ, ಮುಟ್ಬೇಡ,” ಎಂದರು ನರ್ಸಬಾಯಿ. “ನೋಡಿದ್ರೆ ಇದು ಬರೂದಿಲ್ಲ. ಎಲ್ಲರೂ ಇದ್ರಲ್ಲೇ ಕಣ್ಣು ಒರಸ್ಕಂಡ್ರಿ ಅಲ್ದಾ? ಹಂಗೇ ಬಂದದ್ದು.”

ಇದು ಮಳೆಗಾಲದ ರೋಗ ಎಂದು ಅವ್ವಿ ವಾದಿಸಿದಳು. ಅದೂ ಹೌದೆಂದರು ಅವರು. ಮಳೆ ರೋಗವನ್ನು ಆಕಾಶದಿಂದ ಸುರಿಸುವುದಿಲ್ಲ. ಎಲ್ಲರನ್ನೂ ಒಂದೇ ಕೋಣೆಗೆ ಕೂಡಿಹಾಕುತ್ತದೆ, ಬಟ್ಟೆ ಒಣಗಲು ಬಿಡುವುದಿಲ್ಲ, ಆಗ ರೋಗಕ್ಕೆ ದಾರಿ ಸಲೀಸು ಎಂದು ಬಿಡಿಸಿ ಹೇಳಿದರು.

ಅಕ್ಕನನ್ನು ಕಾಪಾಡುತ್ತೇನೆಂದು ಹೊರಟು ರೋಗವನ್ನು ಅವಳ ಕೈಗೇ ಇಡುತ್ತಿದ್ದೆನಲ್ಲ! ಗಳಗಳನೆ ಅತ್ತೆ. ಅಪ್ಪ ಎದ್ದು, ಪೆಟ್ಟಿಗೆಯಲ್ಲಿದ್ದ ಹೊಸ ಪಂಚೆ ತಂದು ಪರ್ರನೆ ನಾಲ್ಕು ತುಂಡು ಹರಿದ. ಒಬ್ಬೊಬ್ಬರಿಗೆ ಒಂದೊಂದು ತುಂಡು. ತೊಳೆದದ್ದನ್ನು ಒಲೆಯ ಬಿಸಿಗೆ ಒಣಗಿಸಿದೆವು. ಕೈ ತೊಳೆದೂ ತೊಳೆದೂ ಬೆರಳು ಸುಕ್ಕಾದವು. ಆದರೂ ಮೊದಲೇ ತಗುಲಿದ್ದರೆ? ಭಾನುವಾರವಿಡೀ ಅವಳತ್ತ ತಿರುಗಲು ನನಗೆ ಧೈರ್ಯವೇ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಅಕ್ಕನೇ ನನ್ನೆದುರು ಕುಕ್ಕರಗಾಲಲ್ಲಿ ಕೂತಳು. “ನೋಡು ಮಾರಾಯಾ, ಕೆಂಪು ಕಾಣ್ತದ್ಯಾ?”

ನೋಡಿದೆ. ಬೆಳ್ಳಗಿದ್ದವು. ಇಲ್ಲ ಎಂದು ತಲೆಯಾಡಿಸಿದೆ. “ಹಂಗಾರೆ ಆತು,” ಎಂದು ಅವಳು ಕೊಡೆ ಹಿಡಿದು ಹೊರಟಳು. ಮುಂದೆ ಅಕ್ಕೋರಾಗಿ ನಿವೃತ್ತಿಯವರೆಗೂ ಮಕ್ಕಳಿಗೆ ಕಲಿಸಿದಳು.

ಹೋದ ಮಳೆಗಾಲದಲ್ಲಿ ನಮ್ಮ ಮೊಮ್ಮಗನಿಗೂ ಕೆಂಗಣ್ಣು ಬಂತು. ಈಗ ಡಾಕ್ಟರು ಹತ್ತಿರವೇ ಇದ್ದಾರೆ, ಬಟ್ಟೆ ಒಣಗಿಸಲು ಮೆಷಿನ್ ಇದೆ, ಕೈ ತೊಳೆಯುವುದನ್ನು ಶಾಲೆಯಲ್ಲೇ ಕಲಿಸುತ್ತಾರೆ. ನೀವು ನಮಗಿಂತ ಜಾಣರು ಬಿಡಿ. ಆದರೂ ಮೊಮ್ಮಗಳು ತಮ್ಮನಿಗೆ ಬೆನ್ನು ಹಾಕಿ ಬಾಗಿಲಲ್ಲೇ ನಿಂತಿದ್ದಳು. ನನಗೆ ಸಿಟ್ಟೂ ಬಂತು, ನಗುವೂ ಬಂತು. ಅವನು ಮುಟ್ಟಿದ್ದನ್ನು ಮುಟ್ಟಬೇಡ, ಮುಟ್ಟಿದರೆ ಕೈ ತೊಳೆ, ಮುಖ ಮಾತ್ರ ತಿರುಗಿಸಬೇಡ ಎಂದೆ. ಅವಳು ಮೆಲ್ಲಗೆ ತಿರುಗಿ ತಮ್ಮನನ್ನು ನೋಡಿದಳು. ಎರಡು ದಿನದಿಂದ ಮೂಲೆ ಹಿಡಿದು ಕೂತಿದ್ದ ಹುಡುಗ ಆಗ ನಕ್ಕ.