ಒಂದೇ ಗಂಟಲಿನ ಇಬ್ಬರು

ಸಾಲಿಗ್ರಾಮಂನ ಮಣಿಮಾರನ್ ಹನ್ನೊಂದು ವರ್ಷ ಗುರುವಾರ ಗುರುವಾರ ತಮಿಳು ಟೀವಿಯ ಧಾರಾವಾಹಿಯಲ್ಲಿ ಕೊಲೆ ಮಾಡಿಸಿದ ನಿರ್ದೇಶಕ. ಕೊಲೆಗಾರ ಯಾರೆಂದು ಅವರಿಗೂ ಮೊದಲೇ ಗೊತ್ತಿರುತ್ತಿರಲಿಲ್ಲ. ಯಾವನು ಸೆಟ್ಟಿಗೆ ತಡವಾಗಿ ಬಂದನೋ, ಮುಂದಿನ ವಾರ ಅವನೇ ಹೆಣ. "ಸಾರ್, ನನ್ನ ಆಯಸ್ಸು ಎಷ್ಟಿದೆ?" ಅಂತ ನಟರು ಕೇಳುತ್ತಿದ್ದರು. "ಇಡ್ಲಿ ಮುಗಿಸಪ್ಪಾ, ಹೇಳ್ತೀನಿ" ಅನ್ನುತ್ತಿದ್ದರು.

ನಾನು ಆಳವಂದಾರ್, ಡಬ್ಬಿಂಗ್‌ನವನು. ಮುಖ ಬೇರೆಯವರದು, ಗಂಟಲು ನನ್ನದು. ಧಾರಾವಾಹಿಯಲ್ಲಿ ಒಬ್ಬನೇ ಮೂರು ಜನಕ್ಕೆ ಮಾತು ಕೊಡುವುದು ಮಾಮೂಲು. ಇನ್‌ಸ್ಪೆಕ್ಟರಿಗೂ ನಾನೇ, ಅರ್ಚಕನಿಗೂ ನಾನೇ, ಸಾಯುವವನ ಕಿರುಚಾಟವೂ ನನ್ನದೇ. ಮನೆಯಲ್ಲಿ ತರಕಾರಿ ಹೆಚ್ಚುತ್ತಾ ನೋಡುವವರು ಒಬ್ಬರೂ ತಕರಾರು ಎತ್ತಲಿಲ್ಲ.

ಐವತ್ತೆರಡನೇ ವಯಸ್ಸಿಗೆ ಮಣಿಮಾರನ್‌ಗೆ ಒಂದು ಸಿನಿಮಾ ಸಿಕ್ಕಿತು. ಈ ಸಲ ಕೊಲೆಗಾರನನ್ನು ಮೊದಲೇ ಗೊತ್ತುಮಾಡಿದ್ದರು: ನಾಯಕನ ಹೆಂಡತಿಯ ತಮ್ಮ. ಅವನು ಫೋನಿನಲ್ಲಿ ಧ್ವನಿ ಬದಲಿಸಿ ಬೆದರಿಸುತ್ತಾನೆ. ಕೊನೆಯವರೆಗೂ ಗುಟ್ಟು ಬಿಟ್ಟುಕೊಡಬಾರದು. ಶೂಟಿಂಗ್ ಮುಗಿಸಿ ಕುಂಬಳಕಾಯಿ ಒಡೆದ ದಿನ ನನ್ನ ಹೆಗಲು ಹಿಡಿದು, "ಇದು ಗೆದ್ರೆ ಗೆದ್ದೆ ಆಳವಂದಾರ್. ಸೋತ್ರೆ ಇನ್ನೊಂದು ಯಾರೂ ಕೊಡಲ್ಲ" ಅಂದರು.

ಫೋನಿನ ಧ್ವನಿಗೆ ನನ್ನನ್ನೇ ಕರೆದರು. ಮರುದಿನ ಡಾಕ್ಟರ ಪಾತ್ರಕ್ಕೂ ನನ್ನನ್ನೇ ನಿಲ್ಲಿಸಿದರು, ಆ ನಟ ಮುಂಬಯಿಯವನು, ಅವನಿಗೆ ತಮಿಳು ಬಾರದು. ಡಾಕ್ಟರ್ ಪಾಪದವನು, ಕೊಲೆಗೂ ಅವನಿಗೂ ಸಂಬಂಧವೇ ಇಲ್ಲ. ಎರಡನೇ ಸಾಲಿಗೇ ನನಗೆ ಹೊಳೆಯಿತು, ಎರಡೂ ಒಂದೇ ಗಂಟಲು. ಥಿಯೇಟರಿನ ಕತ್ತಲಲ್ಲಿ ಕಿವಿ ನಿಮಿರಿಸಿ ಕೂತವರಿಗೆ ತಿಳಿಯದೇ ಇರುತ್ತದೆಯೇ? ಸ್ಟುಡಿಯೋದಲ್ಲಿದ್ದ ಉಳಿದವರಿಗೆಲ್ಲ ಧಾರಾವಾಹಿಯ ಕಿವಿ, ಯಾರಿಗೂ ಹೊಳೆಯಲಿಲ್ಲ. ನಾನು ಹೇಳಬೇಕಿತ್ತು. ಹೇಳಿದರೆ ಡಾಕ್ಟರ್ ಬೇರೆಯವನ ಪಾಲಾಗುತ್ತಿದ್ದ. ಅಳುವ ಪಾತ್ರ, ತೂಕದ ಪಾತ್ರ. ಇಪ್ಪತ್ತು ವರ್ಷದಲ್ಲಿ ನನಗೆ ಬಂದದ್ದು ಅದೊಂದೇ. ಬಾಯಿಗೆ ಬೀಗ ಹಾಕಿಕೊಂಡೆ, ಹಾಳಾದವನು.

ಮೊದಲ ದಿನದ ಬೆಳಗಿನ ಆಟ. ಮಣಿಮಾರನ್ ಥಿಯೇಟರಿನ ಒಳಗೆ ಬರಲಿಲ್ಲ, ಎದುರಿನ ಟೀ ಅಂಗಡಿಯಲ್ಲೇ ನಿಂತರು. ಡಾಕ್ಟರ್ ಬಾಯಿ ತೆರೆದ ಕೂಡಲೇ ನನ್ನ ಹಿಂದಿದ್ದ ಹೆಂಗಸು, "ಅಯ್ಯೋ, ಫೋನ್ ಮಾಡಿದ್ದು ಇವನೇ ಕಣ್ರೀ!" ಅಂದಳು. ಆಮೇಲೆ ಎಲ್ಲರೂ ಡಾಕ್ಟರ್ ಸಿಕ್ಕಿಬೀಳುವುದನ್ನೇ ಕಾದರು. ಕೊನೆಗೆ ತಮ್ಮ ಸಿಕ್ಕಿಬಿದ್ದಾಗ, "ಥೂ, ಮೋಸ!" ಅಂತ ಶಿಳ್ಳೆ ಹೊಡೆದು ನಕ್ಕರು. ನನಗೆ ಅಳುವೂ ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದ ದವಡೆಯ ಹಾಗಿದ್ದೆ. ಈಗಲೂ ಹಾಗೇ ಇದ್ದೇನೆ.

ನಾಲ್ಕನೇ ದಿನ ಚಿತ್ರ ಎತ್ತಿದರು. ಪೇಪರಿನವರು "ಕೊನೆ ಒಪ್ಪುವಂತಿಲ್ಲ" ಅಂತ ಒಂದು ಸಾಲು ಗೀಚಿ ಕೈತೊಳೆದುಕೊಂಡರು.

ಮಣಿಮಾರನ್ ಈಗ ಅತ್ತೆ-ಸೊಸೆ ಧಾರಾವಾಹಿಗೆ ಮಾತು ಬರೆಯುತ್ತಾರೆ. ಕೊಲೆಯ ಕಥೆ ಮುಟ್ಟುವುದಿಲ್ಲ. ಮೊನ್ನೆ ಅದರ ಡಬ್ಬಿಂಗ್ ನಡುವೆ ಊಟದ ಬಿಡುವಿನಲ್ಲಿ ಮೊಸರನ್ನ ಕಲಸುತ್ತಾ ಕೇಳಿದರು.

"ಅವತ್ತು ನೀನು ಒಳಗಿದ್ದೆಯಲ್ಲಯ್ಯಾ. ನಿಜ ಹೇಳು, ಜನ ಯಾಕೆ ನಕ್ಕರು? ಕೊಲೆಗಾರನನ್ನ ಬಚ್ಚಿಡೋದು ನನಗೆ ಬರೋದೇ ಇಲ್ವಾ?"

ತುತ್ತು ಬಾಯಲ್ಲೇ ಇತ್ತು. ನುಂಗಿದೆ.

"ಕಥೆ ಸ್ವಲ್ಪ ಸಡಿಲ ಆಯ್ತು ಸಾರ್" ಅಂದೆ.

ಅವರು ತಲೆಯಾಡಿಸಿದರು. "ನನಗೂ ಹಾಗೇ ಅನಿಸಿತ್ತು. ನೀನೊಬ್ಬನಾದರೂ ನಿಜ ಹೇಳಿದೆ." ತಮ್ಮ ಎಲೆಯ ಉಪ್ಪಿನಕಾಯಿಯನ್ನು ನನ್ನ ಕಡೆ ಸರಿಸಿದರು. "ತಿನ್ನು. ಮಧ್ಯಾಹ್ನ ಮಾವನಿಗೂ ಲಾಯರಿಗೂ ನೀನೇ ಧ್ವನಿ ಕೊಡಬೇಕು."